ಅಪ್ಪ-ಅಮ್ಮನ ಮಾತ್ರೆಗೂ ಒಂದು ಜಮಾ-ಖರ್ಚು

ಊರಿಗೆ ಫೋನ್ ಮಾಡಿದಾಗ ನಾವೆಲ್ಲ ಕೇಳೋ ಮೊದಲನೇ ಪ್ರಶ್ನೆ "ಊಟ ಆಯ್ತಾ?" ಎರಡನೇದು "ಮಾತ್ರೆ ತಗೊಂಡ್ರಾ?" ಎರಡಕ್ಕೂ ಬರೋ ಉತ್ತರ ಒಂದೇ: "ಹೂಂ, ಆಯ್ತಪ್ಪ." ಅಲ್ಲಿಗೆ ನಮ್ಮ ಮನಸ್ಸು ಹಗುರಾಗುತ್ತೆ. ಆದರೆ ಆ "ಹೂಂ" ಅನ್ನೋದರಲ್ಲಿ ಪ್ರೀತಿ ಇರುತ್ತೆ, ಲೆಕ್ಕ ಇರೋಲ್ಲ. ಮಗ ದೂರದಲ್ಲಿದ್ದಾನೆ, ಅವನಿಗ್ಯಾಕೆ ಚಿಂತೆ ಅಂತ ಎಷ್ಟೋ ಸಲ ತಗೊಳ್ಳದೆಯೂ ಹೂಂ ಅಂತಾರೆ. ಇನ್ನು ಕೆಲವು ಸಲ ತಗೊಂಡೆವೋ ಇಲ್ಲವೋ ಅನ್ನೋದು ಅವರಿಗೇ ನೆನಪಿರೋಲ್ಲ.

ಲೆಕ್ಕಪತ್ರದ ಕೆಲಸದಲ್ಲಿ ಒಂದು ಪದ್ಧತಿ ಇದೆ. "ದುಡ್ಡು ಸರಿಯಾಗಿದೆಯಾ?" ಅಂತ ಕ್ಯಾಷಿಯರನ್ನು ಕೇಳಿ ಯಾರೂ ಪುಸ್ತಕ ಮುಚ್ಚೋಲ್ಲ. ಡ್ರಾಯರ್ ತೆಗೆದು ಎಣಿಸಿ, ಪುಸ್ತಕದ ಜೊತೆ ತಾಳೆ ನೋಡ್ತಾರೆ. ಕ್ಯಾಷಿಯರ್ ಮೇಲೆ ಅನುಮಾನ ಅಂತ ಅಲ್ಲ, ನೆನಪಿಗಿಂತ ಎಣಿಕೆ ಗಟ್ಟಿ ಅಂತ. ಅಪ್ಪ-ಅಮ್ಮನ ಮಾತ್ರೆಗೂ ಇದೇ ಪದ್ಧತಿ ಬೇಕು ಅನ್ನೋದೇ ಈ ಪಾಠ. ಯಾವ ಮಾತ್ರೆ, ಎಷ್ಟು, ಎಷ್ಟು ದಿನ ಅನ್ನೋದನ್ನ ಡಾಕ್ಟರು ಹೇಳಬೇಕು. ಅವರು ಹೇಳಿದ್ದು ನಡೀತಾ ಇದೆಯಾ ಅನ್ನೋ ಲೆಕ್ಕ ಇಡೋದು ಮನೆಯವರ ಕೆಲಸ. ರೆಡೊಂಡೊ ಬೀಚ್, ಟಾರೆನ್ಸ್, ಲಾಸ್ ಏಂಜಲಿಸ್, ಸ್ಯಾನ್ ಡಿಯಾಗೊ ಕಡೆ ದುಡೀತಿರೋ ನಮಗೆ ಈ ಕೆಲಸ ಎರಡು ರೀತಿ ಬರುತ್ತೆ: ಅವರು ಊರಲ್ಲಿ, ನಾವು ಇಲ್ಲಿ; ಇಲ್ಲವೇ ಅವರು ಆರು ತಿಂಗಳಿಗೆ ಅಂತ ನಮ್ಮ ಮನೆಗೆ ಬಂದಿರ್ತಾರೆ. ಎರಡಕ್ಕೂ ಪುಸ್ತಕ ಒಂದೇ.

1. ಲೆಕ್ಕ ತಪ್ಪಿದರೆ ಏನಾಗುತ್ತೆ?

ಬಿಪಿ ಮಾತ್ರೆ ಬಿಟ್ಟರೆ ಆ ದಿನ ಏನೂ ಗೊತ್ತಾಗೋಲ್ಲ. ಅದಕ್ಕೇ ಅದು ಮೋಸದ ಕಾಯಿಲೆ. ತಿಂಗಳುಗಟ್ಟಲೆ ಹೀಗೇ ನಡೆದರೆ ಲಕ್ವ, ಹೃದಯಾಘಾತ, ಕಿಡ್ನಿ ತೊಂದರೆಯ ಅಪಾಯ ಏರುತ್ತೆ. ಶುಗರ್ ಮಾತ್ರೆ ಮರೆತು ಎರಡು ಸಲ ತಗೊಂಡರೆ ಅದೇ ದಿನ ರಕ್ತದ ಸಕ್ಕರೆ ಕುಸಿದು ಬೆವರು, ನಡುಕ, ತಲೆಸುತ್ತು ಬಂದು ಪ್ರಜ್ಞೆಯೂ ತಪ್ಪಬಹುದು.

ಇದಕ್ಕಿಂತ ಕಣ್ಣಿಗೆ ಕಾಣದ ಅಪಾಯ ಇನ್ನೊಂದಿದೆ. ಅಪ್ಪ ವಾರಕ್ಕೆ ಮೂರು ದಿನ ಬಿಪಿ ಮಾತ್ರೆ ಬಿಡ್ತಾರೆ ಅಂತಿಟ್ಟುಕೊಳ್ಳಿ. ಡಾಕ್ಟರ ಹತ್ತಿರ "ದಿನಾ ತಗೋತೀನಿ" ಅಂತಾರೆ. ಡಾಕ್ಟರು ನೋಡಿದರೆ ಬಿಪಿ 160. ದಿನಾ ತಗೊಂಡೂ ಇಷ್ಟಿದೆ ಅಂದರೆ ಈ ಡೋಸ್ ಸಾಲದು ಅಂತ ಅವರು ಜಾಸ್ತಿ ಮಾಡ್ತಾರೆ. ಆಮೇಲೆ ಯುಗಾದಿಗೆ ಊರಿಗೆ ಹೋದ ಮಗಳು ಎದುರಿಗೇ ನಿಂತು ಒಂದೂ ಬಿಡದ ಹಾಗೆ ಕೊಡ್ತಾಳೆ. ಈಗ ಬಿಪಿ ಬೇಕಾದ್ದಕ್ಕಿಂತ ಕೆಳಗಿಳಿಯುತ್ತೆ. ರಾತ್ರಿ ಬಚ್ಚಲಿಗೆ ಎದ್ದವರು ತಲೆ ತಿರುಗಿ ಬೀಳ್ತಾರೆ. ಆ ವಯಸ್ಸಿನಲ್ಲಿ ಸೊಂಟದ ಮೂಳೆ ಮುರಿದರೆ ಎದ್ದು ಓಡಾಡೋದು ಎಷ್ಟು ಕಷ್ಟ ಅಂತ ನಮಗೆಲ್ಲ ಗೊತ್ತು. ಇಲ್ಲಿ ಡಾಕ್ಟರದ್ದೂ ತಪ್ಪಿಲ್ಲ, ಮಗಳದ್ದೂ ತಪ್ಪಿಲ್ಲ. ಪುಸ್ತಕದಲ್ಲಿ ಬರೆದ ಲೆಕ್ಕ ಸುಳ್ಳಾಗಿತ್ತು, ಅದನ್ನ ನಂಬಿ ಎಲ್ಲರೂ ಮುಂದಿನ ಹೆಜ್ಜೆ ಇಟ್ಟರು ಅಷ್ಟೆ.

2. ಮೊದಲು ಪಟ್ಟಿ

ಬಿಡುವಿರೋ ಒಂದು ದಿನ ವಿಡಿಯೊ ಕಾಲ್ ಮಾಡಿ. ಮನೇಲಿರೋ ಎಲ್ಲಾ ಮಾತ್ರೆ, ಟಾನಿಕ್ಕು, ಡ್ರಾಪ್ಸು, ಮುಲಾಮು, ಕಷಾಯದ ಪುಡಿ ಸಮೇತ ಒಂದು ಚಾಪೆ ಮೇಲೆ ಹರಡೋಕೆ ಹೇಳಿ. ಫ್ರಿಜ್ ಮೇಲೆ, ದೇವರ ಗೂಡಿನಲ್ಲಿ, ಅಮ್ಮನ ವ್ಯಾನಿಟಿ ಬ್ಯಾಗಲ್ಲಿ, ಅಪ್ಪನ ಅಂಗಿ ಜೇಬಿನಲ್ಲಿ ಇರೋದೂ ಬರಲಿ. ಪ್ರತಿ ಸ್ಟ್ರಿಪ್ಪಿನ ಹಿಂಭಾಗದ ಫೋಟೊ ತರಿಸಿಕೊಳ್ಳಿ. ಮಾತ್ರೆ ತೆಗೆಯುವಾಗ ಹೆಸರು, ತಾರೀಕು ಇರೋ ಕೊನೆ ಉಳಿಸಿಕೊಂಡು ಇನ್ನೊಂದು ಕೊನೆಯಿಂದ ತೆಗೆಯೋದು ಒಳ್ಳೇ ಅಭ್ಯಾಸ.

ಪಟ್ಟಿಯಲ್ಲಿ ಪ್ರತಿ ಮಾತ್ರೆಗೆ ಏಳು ಕಲಂ ಸಾಕು:

ಒಂದು, ಸ್ಟ್ರಿಪ್ಪಿನ ಮೇಲಿರೋ ಕಂಪನಿ ಹೆಸರು.
ಎರಡು, ಮೂಲ ಔಷಧಿಯ ಹೆಸರು ಮತ್ತು ಮಿಲಿಗ್ರಾಂ. ಇದೇ ಮುಖ್ಯ.
ಮೂರು, ಯಾವ ಕಾಯಿಲೆಗೆ.
ನಾಲ್ಕು, ಬೆಳಗ್ಗೆ-ಮಧ್ಯಾಹ್ನ-ರಾತ್ರಿ ಎಷ್ಟೆಷ್ಟು. ಊರಿನ ಡಾಕ್ಟರ ಚೀಟಿಯಲ್ಲಿ 1-0-1 ಅಂತಿದ್ದರೆ ಬೆಳಗ್ಗೆ ಒಂದು, ಮಧ್ಯಾಹ್ನ ಇಲ್ಲ, ರಾತ್ರಿ ಒಂದು.
ಐದು, ಊಟಕ್ಕೆ ಮುಂಚೆಯೋ ಆಮೇಲೋ.
ಆರು, ಬರೆದ ಡಾಕ್ಟರು ಯಾರು, ಯಾವಾಗ.
ಏಳು, ಇನ್ನೂ ನಡೀತಿದೆಯಾ, ನಿಲ್ಲಿಸಿದ್ದಾರಾ.

ಪಟ್ಟಿಯ ತಲೆಯ ಮೇಲೆ ಹೆಸರು, ವಯಸ್ಸು, ಒಗ್ಗದ ಔಷಧಿ, ಇರೋ ಕಾಯಿಲೆ ಬರೆಯಿರಿ. ಅಪ್ಪಂದು ಬೇರೆ, ಅಮ್ಮಂದು ಬೇರೆ ಹಾಳೆ. ಇಬ್ಬರಿಗೂ ಬಿಪಿ ಇದ್ದರೆ "ನಿಂದು ಖಾಲಿಯಾಗಿದ್ರೆ ನಂದೇ ತಗೋ" ಅನ್ನೋ ವ್ಯವಹಾರ ಒಳಗೊಳಗೇ ನಡೀತಿರುತ್ತೆ. ಅದು ನಿಲ್ಲಬೇಕು. ಅಪ್ಪನ ಸ್ಟ್ರಿಪ್ಪಿಗೆ ಕೆಂಪು ರಬ್ಬರ್ ಬ್ಯಾಂಡ್, ಅಮ್ಮಂದಕ್ಕೆ ಹಸಿರು ಹಾಕಿ. ಓದೋಕೆ ಬಾರದವರಿಗೂ ಬಣ್ಣ ತಿಳಿಯುತ್ತೆ.

ಪಟ್ಟಿಯ ಒಂದು ಪ್ರತಿ ಫ್ರಿಜ್ ಬಾಗಿಲಿಗೆ, ಒಂದು ಅವರ ಪರ್ಸಿಗೆ, ಒಂದು ಫೋಟೊ ನಿಮ್ಮ ಫೋನಿಗೆ. ಆಸ್ಪತ್ರೆಗೆ ಅವಸರದಲ್ಲಿ ಹೋಗಬೇಕಾಗಿ ಬಂದರೆ ಡಾಕ್ಟರು ಮೊದಲು ಕೇಳೋದು ಇದನ್ನೇ.

3. ಒಂದೇ ಔಷಧಿ, ಎರಡು ಹೆಸರು

ಮೆಡಿಕಲ್ ಸ್ಟೋರಿನಲ್ಲಿ "ಆ ಕಂಪನಿದು ಇಲ್ಲ, ಇದು ಅದೇನೇ" ಅಂತ ಬೇರೆ ಸ್ಟ್ರಿಪ್ ಕೊಡ್ತಾರೆ. ಮನೇಲಿ ಹಳೇದೂ ಸ್ವಲ್ಪ ಉಳಿದಿರುತ್ತೆ. ಅಮ್ಮ ಎರಡನ್ನೂ ಬೇರೆ ಬೇರೆ ಅಂದುಕೊಂಡು ಎರಡನ್ನೂ ನುಂಗ್ತಾರೆ. ಒಂದೇ ಖರ್ಚನ್ನ ಎರಡು ಖಾತೆಯಲ್ಲಿ ಬರೆದ ಹಾಗೆ ಇದು. ಅದಕ್ಕೇ ಎರಡನೇ ಕಲಮಿನ ಮೂಲ ಹೆಸರನ್ನ ನೋಡಿ ಹೊಂದಿಸಬೇಕು.

ಟೆಲ್ಮಾ ಅಂದರೆ ಟೆಲ್ಮಿಸಾರ್ಟಾನ್. ಟೆಲ್ಮಾ-ಎಚ್ ಅಂದರೆ ಅದರ ಜೊತೆ ಮೂತ್ರ ಹೆಚ್ಚಿಸೋ ಹೈಡ್ರೋಕ್ಲೋರೋಥಯಾಜೈಡ್ ಕೂಡ ಸೇರಿದೆ. ಗ್ಲೈಕೊಮೆಟ್ ಅಂದರೆ ಮೆಟ್‌ಫಾರ್ಮಿನ್. ಗ್ಲೈಕೊಮೆಟ್-ಜಿಪಿ ಅಂದರೆ ಮೆಟ್‌ಫಾರ್ಮಿನ್ ಜೊತೆ ಗ್ಲಿಮೆಪಿರೈಡ್. ಹೆಸರಿನ ಬಾಲದಲ್ಲಿರೋ ಒಂದೆರಡು ಅಕ್ಷರದಿಂದ ಮಾತ್ರೆಯೇ ಬೇರೆ ಆಗುತ್ತೆ. ಥೈರೋನಾರ್ಮ್, ಎಲ್‌ಟ್ರಾಕ್ಸಿನ್ ಎರಡೂ ಥೈರಾಯ್ಡಿನ ಒಂದೇ ಔಷಧಿ.

ಇಲ್ಲಿಗೆ ಬಂದರೆ ಮೂಲ ಹೆಸರೇ ಕೆಲವು ಬದಲಾಗುತ್ತೆ:

ಊರಿನ ಪ್ಯಾರಾಸಿಟಮಾಲ್ (ಡೋಲೊ, ಕ್ರೋಸಿನ್) ಇಲ್ಲಿ ಅಸಿಟಮಿನೋಫೆನ್ (ಟೈಲೆನಾಲ್).
ಊರಿನ ಸಾಲ್ಬುಟಮಾಲ್ ಇಲ್ಲಿ ಆಲ್ಬುಟೆರಾಲ್.
ಊರಿನ ಗ್ಲಿಬೆನ್‌ಕ್ಲಮೈಡ್ ಇಲ್ಲಿ ಗ್ಲೈಬುರೈಡ್.
ಊರಿನ ಇಕೊಸ್ಪ್ರಿನ್ 75 ಅಂದರೆ ಆಸ್ಪಿರಿನ್. ಇಲ್ಲಿ ಅಂಗಡಿಯಲ್ಲಿ ಸಿಗೋ ಸಣ್ಣ ಆಸ್ಪಿರಿನ್ 81 ಮಿಲಿಗ್ರಾಂ.

ಮೈಕೈ ನೋವಿಗೆ ಅಪ್ಪ ತಂದಿರೋ ಡೋಲೊ 650, ನೆಗಡಿಗೆ ಅಂತ ನೀವು ತಂದುಕೊಟ್ಟ ನೈಕ್ವಿಲ್, ಜ್ವರಕ್ಕೆ ಸೊಸೆ ಕೊಟ್ಟ ಟೈಲೆನಾಲ್, ಮೂರರಲ್ಲೂ ಇರೋದು ಒಂದೇ ಔಷಧಿ. ದೊಡ್ಡವರಿಗೆ ಎಲ್ಲಾ ಸೇರಿ ದಿನಕ್ಕೆ 4,000 ಮಿಲಿಗ್ರಾಂ ಮೀರಬಾರದು. ವಯಸ್ಸಾದವರಿಗೆ, ಲಿವರ್ ತೊಂದರೆ ಇರೋರಿಗೆ, ಡಾಕ್ಟರು ಇನ್ನೂ ಕಡಿಮೆ ಹೇಳಬಹುದು.

ಚೀಟಿ ಇಲ್ಲದೆ ಸಿಗೋ ನೋವಿನ ಮಾತ್ರೆ ಬಗ್ಗೆ ಇನ್ನೂ ಹುಷಾರಿರಬೇಕು. ಇಲ್ಲಿಯ ಆ್ಯಡ್ವಿಲ್, ಅಲೀವ್, ಊರಿನ ಕಾಂಬಿಫ್ಲಾಮ್, ವೊವೆರಾನ್ ಇವೆಲ್ಲ ಬಿಪಿ ಏರಿಸಬಲ್ಲವು, ಕಿಡ್ನಿಗೆ ಪೆಟ್ಟು ಕೊಡಬಲ್ಲವು, ರಕ್ತ ತೆಳು ಮಾಡೋ ಔಷಧಿ ಜೊತೆ ಸೇರಿದರೆ ಹೊಟ್ಟೆಯಲ್ಲಿ ರಕ್ತಸ್ರಾವ ಆಗಬಹುದು. ಡಬ್ಬಿ ಮೇಲೆ ಹೆಸರಿನ ಕೊನೆಗೆ "ಪಿಎಂ" ಅಂತಿರೋ ನೋವಿನ ಮಾತ್ರೆಗಳಲ್ಲಿ ನಿದ್ದೆ ಬರಿಸೋ ಡೈಫೆನ್‌ಹೈಡ್ರಮಿನ್ ಸೇರಿರುತ್ತೆ. ವಯಸ್ಸಾದವರಿಗೆ ಅದು ಗೊಂದಲ, ತೂಕಡಿಕೆ ತರಿಸಿ ಬೀಳಿಸುತ್ತೆ. ಹಿರಿಯರಿಗೆ ಬೇಡದ ಔಷಧಿಗಳ ಬಿಯರ್ಸ್ ಪಟ್ಟಿ ಅಂತ ಇಲ್ಲಿಯ ಡಾಕ್ಟರು ಬಳಸೋ ಒಂದು ಪಟ್ಟಿ ಇದೆ. 1991ರಲ್ಲಿ ಮೊದಲು ಬಂದ ಅದನ್ನ 2023ರಲ್ಲಿ ಪರಿಷ್ಕರಿಸಿದ್ದಾರೆ. ಡೈಫೆನ್‌ಹೈಡ್ರಮಿನ್ ಆ ಪಟ್ಟಿಯಲ್ಲಿದೆ.

4. ದಾಸ್ತಾನು ಎಣಿಕೆ

ಈಗ ಪಾಠದ ಮುಖ್ಯ ಭಾಗ. ಹದಿನೈದು ದಿನಕ್ಕೊಮ್ಮೆ ಮಾತ್ರೆ ಎಣಿಸಿ. ಸೂತ್ರ ಅಂಗಡಿಯ ದಾಸ್ತಾನಿನದೇ:

ಆರಂಭದ ಶಿಲ್ಕು + ಹೊಸದಾಗಿ ಕೊಂಡದ್ದು − ತಗೋಬೇಕಾಗಿದ್ದದ್ದು = ಇರಬೇಕಾದ ಶಿಲ್ಕು

ಉದಾಹರಣೆ ನೋಡೋಣ. ಅಪ್ಪನಿಗೆ ದಿನಕ್ಕೊಂದು ಬಿಪಿ ಮಾತ್ರೆ. ತಿಂಗಳ 1ನೇ ತಾರೀಕು ಬೆಳಗ್ಗೆ ಮನೇಲಿ 4 ಇತ್ತು, ಅವತ್ತೇ 30 ತಂದರು. ಒಟ್ಟು 34. 16ನೇ ತಾರೀಕು ಬೆಳಗಿನ ಮಾತ್ರೆ ಆದಮೇಲೆ ಎಣಿಸ್ತೀರಿ. 16 ದಿನ, 16 ಮಾತ್ರೆ. ಉಳಿದಿರಬೇಕಾದ್ದು 18.

ಎಣಿಸಿದಾಗ 23 ಇದ್ದರೆ ಐದು ದಿನ ತಪ್ಪಿದೆ. 14 ಇದ್ದರೆ ನಾಲ್ಕು ಹೆಚ್ಚಿಗೆ ಹೋಗಿದೆ: ಮರೆತು ಎರಡು ಸಲ ನುಂಗಿರಬಹುದು, ಅಮ್ಮನಿಗೆ ಕೊಟ್ಟಿರಬಹುದು, ಇಲ್ಲಾ ಕೈಜಾರಿ ಬಿದ್ದಿರಬಹುದು. ಒಂದು ಮಾತ್ರೆ ಆಚೀಚೆ ಆದರೆ ದೊಡ್ಡದಲ್ಲ. ಪ್ರತಿ ಸಲವೂ ವ್ಯತ್ಯಾಸ ಬಂದರೆ ಮಾತ್ರ ಕಾರಣ ಹುಡುಕಲೇಬೇಕು.

ಹುಡುಕುವಾಗ ಬೈಯ್ಯಬೇಡಿ. ಬೈದರೆ ಮುಂದಿನ ಸಲ ಎಣಿಕೆಯೇ ಸುಳ್ಳಾಗುತ್ತೆ, ಉಳಿದ ಮಾತ್ರೆ ಕಸದ ಬುಟ್ಟಿಗೆ ಹೋಗುತ್ತೆ. "ಅಪ್ಪಾ, ಐದು ಉಳಿದಿದೆ, ಯಾಕಿರಬಹುದು?" ಅಂತ ಇಬ್ಬರೂ ಸೇರಿ ಲೆಕ್ಕ ನೋಡೋ ಹಾಗೆ ಕೇಳಿ. ಸಾಮಾನ್ಯವಾಗಿ ಸಿಗೋ ಕಾರಣಗಳು ಇವು:

ಮಾತ್ರೆ ತಗೊಂಡರೆ ತಲೆ ಸುತ್ತುತ್ತೆ, ಕಾಲು ಊದುತ್ತೆ, ಕೆಮ್ಮು ಬರುತ್ತೆ ಅಂತ ತಾವೇ ಬಿಟ್ಟಿರ್ತಾರೆ. ಇದು ಡಾಕ್ಟರಿಗೆ ಹೇಳಬೇಕಾದ ವಿಷಯ, ಬದಲಿ ಔಷಧಿ ಇರುತ್ತೆ.
ಮದುವೆ, ಜಾತ್ರೆ, ಬಸ್ ಪ್ರಯಾಣದ ದಿನ ಬಿಟ್ಟುಹೋಗಿರುತ್ತೆ. ಮೂತ್ರ ಹೆಚ್ಚಿಸೋ ಮಾತ್ರೆಯನ್ನ ಬೇಕಂತಲೇ ಬಿಡ್ತಾರೆ, ದಾರಿಯಲ್ಲಿ ಶೌಚಾಲಯ ಸಿಗೋಲ್ಲ ಅಂತ.
ಕಣ್ಣು ಮಂಜು, ಸ್ಟ್ರಿಪ್ ಬಿಚ್ಚೋಕೆ ಬೆರಳಲ್ಲಿ ಶಕ್ತಿ ಇಲ್ಲ.
"ಶುಗರ್ ನಾರ್ಮಲ್ ಬಂತಲ್ಲ, ಇನ್ಯಾಕೆ?" ಅಂತ ನಿಲ್ಲಿಸಿರ್ತಾರೆ. ನಾರ್ಮಲ್ ಬಂದದ್ದು ಮಾತ್ರೆಯಿಂದಲೇ.
ದುಡ್ಡು ಉಳಿಸೋಕೆ ಅರ್ಧ ಮುರಿದು ತಗೋತಿರ್ತಾರೆ. ನಾವು ಕಳಿಸೋ ದುಡ್ಡು ಅವರ ಕಣ್ಣಲ್ಲಿ ನಮ್ಮ ಬೆವರು. ಅದನ್ನ ಔಷಧಿಗೆ ಸುರಿಯೋಕೆ ಅವರಿಗೆ ಮನಸ್ಸು ಬರೋಲ್ಲ. ಈ ಕಾರಣವನ್ನ ಅವರಾಗಿ ಬಾಯಿಬಿಟ್ಟು ಹೇಳೋದು ಅಪರೂಪ.

ಕೊನೇ ಕಾರಣಕ್ಕೆ ಪರಿಹಾರ ಇದೆ. ಜನೌಷಧಿ ಕೇಂದ್ರದಲ್ಲಿ ಮೂಲ ಹೆಸರಿನ ಔಷಧಿಯೇ ಬಹಳ ಕಡಿಮೆ ಬೆಲೆಗೆ ಸಿಗುತ್ತೆ. ಸರ್ಕಾರಿ ಆಸ್ಪತ್ರೆ, ಪ್ರಾಥಮಿಕ ಆರೋಗ್ಯ ಕೇಂದ್ರಗಳಲ್ಲಿ ಬಿಪಿ, ಶುಗರ್ ಮಾತ್ರೆಗಳನ್ನ ಉಚಿತವಾಗಿ ಕೊಡ್ತಾರೆ. ಕರ್ನಾಟಕ ಸರ್ಕಾರದ ಗೃಹ ಆರೋಗ್ಯ ಯೋಜನೆ 2024ರಲ್ಲಿ ಕೋಲಾರ ಜಿಲ್ಲೆಯಿಂದ ಶುರುವಾಗಿದೆ. ಮನೆ ಬಾಗಿಲಿಗೇ ಬಂದು ಬಿಪಿ, ಶುಗರ್ ನೋಡಿ ಔಷಧಿ ಮುಟ್ಟಿಸೋದು ಅದರ ಉದ್ದೇಶ. ನಿಮ್ಮ ಊರಿನ ಆಶಾ ಕಾರ್ಯಕರ್ತೆಯನ್ನ ವಿಚಾರಿಸಿ.

ಎಣಿಕೆಯಲ್ಲಿ ಬಂದ ವ್ಯತ್ಯಾಸವನ್ನ ಡಾಕ್ಟರಿಗೆ ಇದ್ದದ್ದು ಇದ್ದ ಹಾಗೆ ಹೇಳಿ: "16 ದಿನದಲ್ಲಿ 11 ತಗೊಂಡಿದ್ದಾರೆ." ಇದೊಂದು ವಾಕ್ಯ ಅವರಿಗೆ ಬಿಪಿ ಮೆಷಿನ್ನಿನಷ್ಟೇ ಉಪಯೋಗ. ಡೋಸ್ ಏರಿಸಬೇಕಾ, ಮೊದಲು ಇದನ್ನೇ ಸರಿಯಾಗಿ ಕೊಟ್ಟು ನೋಡಬೇಕಾ ಅಂತ ಅವರು ಆಗ ತೀರ್ಮಾನಿಸಬಹುದು. ನೀವಾಗಿಯೇ ತಪ್ಪಿದ್ದನ್ನೆಲ್ಲ ಸೇರಿಸಿ ಕೊಡೋಕೆ ಹೋಗಬೇಡಿ.

ಊರಲ್ಲಿ ಎಣಿಸೋಕೆ ಒಬ್ಬ ಹೊಣೆಗಾರರು ಬೇಕು. ಅಣ್ಣನೋ, ಅತ್ತಿಗೆಯೋ, ಪಕ್ಕದ ಮನೆಯ ಕಾಲೇಜು ಹುಡುಗಿಯೋ, ಯಾರಾದರೂ ಒಬ್ಬರು. ಇಬ್ಬರು ಮಕ್ಕಳು ಬೇರೆ ಬೇರೆಯಾಗಿ ಔಷಧಿ ತರಿಸಿದರೆ ಮನೆಯಲ್ಲಿ ಡಬಲ್ ದಾಸ್ತಾನು, ಡಬಲ್ ಗೊಂದಲ. ಶಿಲ್ಕು ಏಳು ದಿನಕ್ಕೆ ಇಳಿದ ಕೂಡಲೇ ಮುಂದಿನದನ್ನ ತರಿಸಬೇಕು ಅನ್ನೋ ನಿಯಮ ಇಟ್ಟುಕೊಳ್ಳಿ. ಪೂರ್ತಿ ಖಾಲಿಯಾಗೋ ತನಕ ಕಾದರೆ ಭಾನುವಾರ, ಹಬ್ಬ ಅಂತ ಮೂರು ದಿನ ಹೋಗಿಬಿಡುತ್ತೆ.

5. ಹೊತ್ತಿಗೆ ಸರಿಯಾಗಿ

ವಾರದ ಏಳು ದಿನಕ್ಕೆ ಬೆಳಗ್ಗೆ-ರಾತ್ರಿ ಖಾನೆ ಇರೋ ಪ್ಲಾಸ್ಟಿಕ್ ಮಾತ್ರೆ ಡಬ್ಬಿ ಎರಡೂ ದೇಶದಲ್ಲಿ ಸಿಗುತ್ತೆ. ಭಾನುವಾರ ಒಬ್ಬರು ತುಂಬಿಸಬೇಕು, ಇನ್ನೊಬ್ಬರು ಪಟ್ಟಿ ಹಿಡಿದು ನೋಡಬೇಕು. ಖಾನೆ ಖಾಲಿಯಾಗಿದ್ದರೆ ತಗೊಂಡಾಗಿದೆ, ತುಂಬಿದ್ದರೆ ಇಲ್ಲ. ನೆನಪನ್ನ ನೆಚ್ಚಬೇಕಾಗಿಲ್ಲ. ಎದೆನೋವಿಗೆ ನಾಲಿಗೆ ಕೆಳಗಿಡೋ ಮಾತ್ರೆಯನ್ನ ಮಾತ್ರ ಡಬ್ಬಿಗೆ ಹಾಕದೆ ಅದರ ಮೂಲ ಕವಚದಲ್ಲೇ, ಕೈಗೆ ಸಿಗೋ ಹಾಗೆ ಇಡಿ.

ಗಡಿಯಾರಕ್ಕಿಂತ ಅಭ್ಯಾಸಕ್ಕೆ ಕಟ್ಟಿದರೆ ಮರೆಯೋಲ್ಲ. ಥೈರಾಯ್ಡ್ ಮಾತ್ರೆ ಎದ್ದ ಕೂಡಲೇ ಬರೀ ನೀರಿನಲ್ಲಿ. ಕಾಫಿ, ತಿಂಡಿ ಅರ್ಧದಿಂದ ಒಂದು ಗಂಟೆ ಆದಮೇಲೆ. ಕ್ಯಾಲ್ಸಿಯಂ, ಕಬ್ಬಿಣದ ಮಾತ್ರೆ ಅದಕ್ಕೆ ನಾಲ್ಕು ಗಂಟೆ ದೂರ. ಹೆಸರಿನ ಕೊನೆಗೆ ಎಸ್‌ಆರ್, ಇಆರ್, ಎಕ್ಸ್‌ಎಲ್ ಅಂತಿರೋ ಮಾತ್ರೆ ನಿಧಾನವಾಗಿ ಕರಗೋ ಹಾಗೆ ಮಾಡಿರೋದು, ಕುಟ್ಟಿ ಪುಡಿ ಮಾಡಬಾರದು. ಸಂಧಿವಾತಕ್ಕೆ ಕೊಡೋ ಮೆಥೊಟ್ರೆಕ್ಸೇಟ್ ವಾರಕ್ಕೆ ಒಂದೇ ದಿನದ ಔಷಧಿ. ಅದನ್ನ ದಿನಾ ತಗೊಂಡರೆ ಪ್ರಾಣಕ್ಕೇ ಅಪಾಯ. ಪಟ್ಟಿಯಲ್ಲಿ ಆ ವಾರದ ಹೆಸರನ್ನ ದೊಡ್ಡದಾಗಿ ಬರೆಯಿರಿ.

ಏಕಾದಶಿ, ಸಂಕಷ್ಟಿ, ಶಿವರಾತ್ರಿ, ರಂಜಾನ್ ಉಪವಾಸ ಮಾಡೋರ ಮನೆಯಲ್ಲಿ ಇದು ಮುಖ್ಯ: ಊಟ ಇಲ್ಲದ ದಿನ ಗ್ಲಿಮೆಪಿರೈಡ್ ತರದ ಮಾತ್ರೆ, ಇನ್ಸುಲಿನ್ ಎಂದಿನಂತೆ ತಗೊಂಡರೆ ಸಕ್ಕರೆ ಕುಸಿಯುತ್ತೆ. "ಉಪವಾಸದ ದಿನ ಏನು ಮಾಡಲಿ?" ಅಂತ ಮೊದಲೇ ಡಾಕ್ಟರನ್ನ ಕೇಳಿ ಪಟ್ಟಿಯಲ್ಲಿ ಬರೆದಿಡಿ. ಮೆಂತ್ಯ, ಹಾಗಲಕಾಯಿ ರಸ, ಕಷಾಯ ಏನು ಕುಡೀತಾರೆ ಅನ್ನೋದನ್ನೂ ಹೇಳಿ. ಕ್ಯಾಲಿಫೋರ್ನಿಯಾದಲ್ಲಿ ಧಾರಾಳವಾಗಿ ಸಿಗೋ ಗ್ರೇಪ್‌ಫ್ರೂಟ್, ನಮ್ಮ ದೇವನಹಳ್ಳಿ ಚಕ್ಕೋತದ ನೆಂಟ. ಅಟೊರ್ವಾಸ್ಟಾಟಿನ್ ತರದ ಕೆಲವು ಕೊಲೆಸ್ಟ್ರಾಲ್ ಮಾತ್ರೆ, ಕೆಲವು ಬಿಪಿ ಮಾತ್ರೆಗಳ ಪ್ರಮಾಣವನ್ನ ಅದು ರಕ್ತದಲ್ಲಿ ಏರಿಸುತ್ತೆ. ತಿನ್ನೋ ಮುಂಚೆ ಫಾರ್ಮಸಿಸ್ಟನ್ನ ಕೇಳಿ.

ಊರಿಗೆ ಫೋನ್ ಮಾಡೋ ಹೊತ್ತು ಹೀಗೆ ಹೊಂದಿಸಿ. ಬೇಸಿಗೆಯಲ್ಲಿ ಊರು ನಮಗಿಂತ ಹನ್ನೆರಡೂವರೆ ಗಂಟೆ ಮುಂದೆ, ಚಳಿಗಾಲದಲ್ಲಿ ಹದಿಮೂರೂವರೆ ಗಂಟೆ ಮುಂದೆ. ಊರಿನ ಬೆಳಗ್ಗೆ 8 ಅಂದರೆ ಇಲ್ಲಿ ಹಿಂದಿನ ದಿನ ಸಂಜೆ 7.30, ಚಳಿಗಾಲದಲ್ಲಿ 6.30. ಊರಿನ ರಾತ್ರಿ 8.30 ಅಂದರೆ ಇಲ್ಲಿ ಬೆಳಗ್ಗೆ 8, ಚಳಿಗಾಲದಲ್ಲಿ 7. ಮಾರ್ಚಿನ ಎರಡನೇ ಭಾನುವಾರ, ನವೆಂಬರಿನ ಮೊದಲ ಭಾನುವಾರ ಇಲ್ಲಿ ಗಡಿಯಾರ ಬದಲಾಗುತ್ತೆ. ಫೋನಿನಲ್ಲಿಟ್ಟ ಅಲಾರಂ ಅವತ್ತು ಒಂದು ಗಂಟೆ ಆಚೀಚೆ ಆಗುತ್ತೆ, ನೋಡಿಕೊಳ್ಳಿ. ಶಿಫ್ಟ್ ಕೆಲಸದವರು ಬೆಳಗಿನ ಕರೆಯನ್ನ ತಮ್ಮ ತಂಗಿಗೋ ಅಣ್ಣನಿಗೋ ಹಂಚಿಕೊಟ್ಟು, ಹದಿನೈದು ದಿನದ ಎಣಿಕೆಯನ್ನ ಮಾತ್ರ ತಾವೇ ನೋಡಿದರೂ ಸಾಕು.

6. ಅವರನ್ನ ಇಲ್ಲಿಗೆ ಕರೆತರುವಾಗ

ವಿಸಿಟರ್ ವೀಸಾದಲ್ಲಿ ಬರೋರು ಸಾಮಾನ್ಯವಾಗಿ ಆರು ತಿಂಗಳ ತನಕ ಇರ್ತಾರೆ. ಸ್ವಂತ ಬಳಕೆಗೆ ಸಾಮಾನ್ಯವಾಗಿ 90 ದಿನಕ್ಕಾಗೋ ಅಷ್ಟು ಔಷಧಿ ತರಬಹುದು ಅನ್ನೋದು ಇಲ್ಲಿಯ ಎಫ್‌ಡಿಎ ಸೂಚನೆ. ಅಂದರೆ 180 ದಿನದ ವಾಸಕ್ಕೆ ಕೊರತೆ 90 ದಿನ. ಈ ಕೊರತೆಯನ್ನ ಟಿಕೆಟ್ ಮಾಡಿಸುವಾಗಲೇ ಲೆಕ್ಕ ಹಾಕಬೇಕು. ಕೊರಿಯರಿನಲ್ಲಿ ತರಿಸೋಣ ಅಂದರೆ ಕಾಗದಪತ್ರ ಸರಿಯಿಲ್ಲದಿದ್ದರೆ ಕಸ್ಟಮ್ಸಿನಲ್ಲಿ ನಿಲ್ಲುತ್ತೆ. ಊರಿನ ಡಾಕ್ಟರ ಚೀಟಿಗೆ ಇಲ್ಲಿಯ ಫಾರ್ಮಸಿ ಔಷಧಿ ಕೊಡೋಲ್ಲ, ಇಲ್ಲಿಯ ಡಾಕ್ಟರೇ ಬರೆಯಬೇಕು.

ಊರಲ್ಲಿ ಚಾಲ್ತಿಯಲ್ಲಿರೋ ಕೆಲವು ಔಷಧಿ ಅಮೆರಿಕದಲ್ಲಿ ಇಲ್ಲವೇ ಇಲ್ಲ: ಶುಗರಿನ ಗ್ಲಿಕ್ಲಾಜೈಡ್, ವಿಲ್ಡಾಗ್ಲಿಪ್ಟಿನ್, ಟೆನೆಲಿಗ್ಲಿಪ್ಟಿನ್, ಬಿಪಿಯ ಸಿಲ್ನಿಡಿಪಿನ್ ಇಂಥವು. ನಿಮ್ಮ ಪಟ್ಟಿಯಲ್ಲಿ ಇವು ಇದ್ದರೆ ಹೊರಡೋಕೆ ಎರಡು ಮೂರು ತಿಂಗಳ ಮುಂಚೆಯೇ ಊರಿನ ಡಾಕ್ಟರನ್ನ "ಅಲ್ಲಿ ಸಿಗೋ ಬದಲಿ ಯಾವುದು?" ಅಂತ ಕೇಳಿ. ಬದಲಾಯಿಸೋದಿದ್ದರೆ ಊರಲ್ಲೇ ಬದಲಾಯಿಸಿ, ಒಗ್ಗುತ್ತಾ ನೋಡಿಕೊಂಡು ಬರಲಿ.

ಔಷಧಿ ಮೂಲ ಸ್ಟ್ರಿಪ್ಪಿನಲ್ಲೇ ಇರಲಿ. ಇಂಗ್ಲಿಷಿನಲ್ಲಿ ಮೂಲ ಹೆಸರು ಬರೆದ ಡಾಕ್ಟರ ಪತ್ರ ಜೊತೆಗಿರಲಿ. ಎಲ್ಲಾ ಕೈಚೀಲದಲ್ಲಿ, ಇನ್ಸುಲಿನ್ ಅಂತೂ ಲಗೇಜಿಗೆ ಹಾಕಲೇಬಾರದು, ಹೆಪ್ಪುಗಟ್ಟಿದರೆ ಕೆಡುತ್ತೆ. ನಿದ್ದೆ ಮಾತ್ರೆ ಆಲ್ಪ್ರಜೋಲಮ್, ನೋವಿನ ಟ್ರಮಡಾಲ್, ಕೊಡೀನ್ ಇರೋ ಕೆಮ್ಮಿನ ಸಿರಪ್ ಇಲ್ಲಿ ನಿಯಂತ್ರಿತ ಔಷಧಿಗಳು. ಚೀಟಿ ಇಲ್ಲದೆ, ನೆಂಟರಿಗೆ ಅಂತ, ಯಾವುದನ್ನೂ ತರಿಸಬೇಡಿ.

ಪ್ರಯಾಣದ ದಿನದ ಲೆಕ್ಕವೂ ಬೇಕು. ಸೋಮವಾರ ಬೆಳಗ್ಗೆ 8ಕ್ಕೆ ಬೆಂಗಳೂರಲ್ಲಿ ಮಾತ್ರೆ ತಗೊಂಡು ಹೊರಟವರು ಮುಂದಿನದನ್ನ ಲಾಸ್ ಏಂಜಲಿಸ್‌ನಲ್ಲಿ ಮಂಗಳವಾರ ಬೆಳಗ್ಗೆ 8ಕ್ಕೆ ತಗೊಂಡರೆ ನಡುವೆ ಮೂವತ್ತಾರೂವರೆ ಗಂಟೆ ಆಗಿರುತ್ತೆ. ಪುಸ್ತಕದಲ್ಲಿ ಒಂದೇ ದಿನ ದಾಟಿದ ಹಾಗೆ ಕಾಣುತ್ತೆ, ದೇಹಕ್ಕೆ ಒಂದೂವರೆ ದಿನ. ವಿಮಾನದಲ್ಲಿ ಯಾವಾಗ, ಇಳಿದಮೇಲೆ ಯಾವಾಗ ಅಂತ ಡಾಕ್ಟರಿಂದ ಬರೆಸಿಕೊಂಡು ಬನ್ನಿ. ಇನ್ಸುಲಿನ್ ತಗೊಳ್ಳೋರಿಗೆ ಇದು ಕಡ್ಡಾಯ.

7. ಇಲ್ಲಿಯ ಫಾರ್ಮಸಿಯಲ್ಲಿ

ಕ್ಯಾಲಿಫೋರ್ನಿಯಾದಲ್ಲಿ ಹೊಸ ಔಷಧಿ ಕೊಡುವಾಗ ಫಾರ್ಮಸಿಸ್ಟ್ ಅದನ್ನ ವಿವರಿಸಲೇಬೇಕು ಅಂತ ನಿಯಮ ಇದೆ. "ಪ್ರಶ್ನೆ ಇದೆಯಾ?" ಅಂದಾಗ ಅವಸರದಲ್ಲಿ ಇಲ್ಲ ಅಂದುಬಿಡಬೇಡಿ. ಪಟ್ಟಿ ಮುಂದಿಟ್ಟು "ಇವುಗಳ ಜೊತೆ ಹೊಂದುತ್ತಾ?" ಅಂತ ಕೇಳಿ, ಅದಕ್ಕೆ ದುಡ್ಡಿಲ್ಲ. ಸೂಚನೆಗಳನ್ನ ಚೈನೀಸ್, ಕೊರಿಯನ್, ರಷ್ಯನ್, ಸ್ಪ್ಯಾನಿಷ್, ವಿಯೆಟ್ನಾಮೀಸ್ ಐದು ಭಾಷೆಯಲ್ಲಿ ಸಿದ್ಧ ಮಾಡಿಟ್ಟಿದ್ದಾರೆ. ಕನ್ನಡ ಅದರಲ್ಲಿಲ್ಲ. ಹಾಗಾಗಿ ಬಾಟಲಿ ಮೇಲೆ ನೀವೇ ಒಂದು ಚೀಟಿ ಅಂಟಿಸಿ: "ಬಿಪಿ. ಬೆಳಗ್ಗೆ ಒಂದು. ತಿಂಡಿ ಆದಮೇಲೆ." ಲೇಬಲ್ ಮುಚ್ಚಿಹೋಗದ ಹಾಗೆ ಅಂಟಿಸಿ.

ತಾರೀಕು ಓದುವಾಗ ಎಚ್ಚರ. ಇಲ್ಲಿ ತಿಂಗಳು ಮೊದಲು. 05/04 ಅಂದರೆ ಮೇ 4, ಏಪ್ರಿಲ್ 5 ಅಲ್ಲ. ಊರಿನ ಚೀಟಿಯಲ್ಲಿ ಇಂಗ್ಲಿಷಿನ ಓ-ಡಿ ಅಂತ ಬರೆದರೆ ದಿನಕ್ಕೊಮ್ಮೆ ಅಂತ ಅರ್ಥ. ಇಲ್ಲಿಯ ಕಣ್ಣಿನ ಡಾಕ್ಟರ ಭಾಷೆಯಲ್ಲಿ ಅದೇ ಬಲಗಣ್ಣು. ಪತ್ರದಲ್ಲಿ ಪೂರ್ತಿ ಪದ ಬರೆಸಿ.

ವಿಸಿಟರ್ ಇನ್ಶೂರೆನ್ಸ್ ಬಹುಪಾಲು ಹಳೇ ಕಾಯಿಲೆಯ ಮಾಮೂಲಿ ಔಷಧಿಗೆ ದುಡ್ಡು ಕೊಡೋಲ್ಲ. ಆಗ ಬೆಲೆ ವಿಚಾರಿಸೋದರಲ್ಲೇ ಉಳಿತಾಯ. ಒಂದೇ ಮಾತ್ರೆಗೆ ಒಂದೊಂದು ಫಾರ್ಮಸಿಯಲ್ಲಿ ಒಂದೊಂದು ನಗದು ಬೆಲೆ. ಸ್ಯಾಂಟಾ ಮೋನಿಕಾದ ಗುಡ್‌ಆರ್‌ಎಕ್ಸ್ ತರದ ಕೂಪನ್ ಆ್ಯಪ್‌ಗಳಲ್ಲಿ ಹತ್ತಿರದ ಬೆಲೆ ಹೋಲಿಸಿ ನೋಡಬಹುದು. ಕಾಸ್ಟ್‌ಕೊ ಫಾರ್ಮಸಿಯಲ್ಲಿ ಔಷಧಿ ಕೊಳ್ಳೋಕೆ ಸದಸ್ಯತ್ವ ಬೇಡ. ಕಡಿಮೆ ಖರ್ಚಿನ ಕ್ಲಿನಿಕ್ ಎಲ್ಲಿದೆ ಅಂತ ತಿಳಿಯೋಕೆ ಲಾಸ್ ಏಂಜಲಿಸ್, ಸ್ಯಾನ್ ಡಿಯಾಗೊ ಎರಡೂ ಕಡೆ 211ಕ್ಕೆ ಫೋನ್ ಮಾಡಿ. ಹಿರಿಯರು ನಿಮ್ಮ ಜೊತೆ ಕಾಯಂ ಆಗಿ ನೆಲೆಸಿದ್ದರೆ ರೆಡೊಂಡೊ, ಹರ್ಮೋಸಾ, ಮ್ಯಾನ್‌ಹಟನ್ ಬೀಚ್ ನಿವಾಸಿಗಳಿಗಾಗಿ ಬೀಚ್ ಸಿಟೀಸ್ ಹೆಲ್ತ್ ಡಿಸ್ಟ್ರಿಕ್ಟ್ ಇದೆ, ಅಲ್ಲಿ ವಿಚಾರಿಸಿ.

ಇನ್ಸುಲಿನ್ ಸೂಜಿಯನ್ನ ಮನೆ ಕಸಕ್ಕೆ ಹಾಕೋದು ಈ ರಾಜ್ಯದಲ್ಲಿ 2008ರಿಂದ ನಿಷಿದ್ಧ. ಗಟ್ಟಿ ಡಬ್ಬಿಯಲ್ಲಿ ತುಂಬಿಸಿ, ಎಲ್ಲಿ ಕೊಡಬೇಕು ಅಂತ ಫಾರ್ಮಸಿಯಲ್ಲಿ ಕೇಳಿ. ಮೊಮ್ಮಕ್ಕಳಿರೋ ಮನೆಯಲ್ಲಿ ಅಜ್ಜಿಯ ಮಾತ್ರೆ ಡಬ್ಬಿ ಮೇಲಿನ ಕಪಾಟಿನಲ್ಲಿರಲಿ. ವಾರದ ಡಬ್ಬಿಗೆ ಮಕ್ಕಳು ಬಿಚ್ಚಲಾಗದ ಮುಚ್ಚಳ ಇರೋಲ್ಲ.

8. ತಪ್ಪಿದಾಗ, ತುರ್ತು ಬಂದಾಗ

ಒಂದು ಹೊತ್ತು ಮರೆತರೆ ಮುಂದಿನ ಹೊತ್ತಿಗೆ ಎರಡು ಸೇರಿಸಿ ಕೊಡಬಾರದು. ಬೇಗ ನೆನಪಾದರೆ ಸಾಮಾನ್ಯವಾಗಿ ಆಗಲೇ ತಗೋಬಹುದು, ಮುಂದಿನ ಹೊತ್ತು ಹತ್ತಿರ ಬಂದಿದ್ದರೆ ಬಿಟ್ಟುಬಿಡೋದು. ಪ್ರತಿ ಮಾತ್ರೆಗೆ ನಿಯಮ ಬೇರೆ ಇರಬಹುದು, ಕೇಳಿ ಪಟ್ಟಿಯಲ್ಲಿ ಬರೆದಿಡಿ. ವಾಂತಿ-ಭೇದಿ ಆಗಿ ಊಟ ಇಲ್ಲದಿದ್ದರೆ ಶುಗರ್, ಬಿಪಿ, ಮೂತ್ರದ ಮಾತ್ರೆ ಮುಂದುವರಿಸೋ ಮುಂಚೆ ಡಾಕ್ಟರಿಗೆ ಫೋನ್ ಮಾಡಿ.

ಸಕ್ಕರೆ 70ಕ್ಕಿಂತ ಕೆಳಗಿಳಿದರೆ, ಇಲ್ಲಾ ಬೆವರು-ನಡುಕ ಬಂದರೆ: ಮೂರು ನಾಲ್ಕು ಚಮಚ ಸಕ್ಕರೆ ನೀರಿನಲ್ಲಿ ಕದಡಿ, ಅಥವಾ ಅರ್ಧ ಕಪ್ ಹಣ್ಣಿನ ರಸ ಕುಡಿಸಿ. 15 ನಿಮಿಷ ಬಿಟ್ಟು ಮತ್ತೆ ನೋಡಿ, ಏರದಿದ್ದರೆ ಮತ್ತೆ ಕೊಡಿ. ಪ್ರಜ್ಞೆ ಇಲ್ಲದಿದ್ದರೆ ಬಾಯಿಗೆ ಏನೂ ಹಾಕಬೇಡಿ, ಇಲ್ಲಿ 911, ಊರಲ್ಲಿ 108. ಗ್ಲಿಮೆಪಿರೈಡ್ ತಗೊಳ್ಳೋರಲ್ಲಿ ಏರಿದ ಸಕ್ಕರೆ ಕೆಲವು ಗಂಟೆಯಲ್ಲಿ ಮತ್ತೆ ಇಳಿಯಬಹುದು. ಒಬ್ಬರನ್ನೇ ಬಿಟ್ಟು ಕೆಲಸಕ್ಕೆ ಹೋಗಬೇಡಿ, ಡಾಕ್ಟರಿಗೆ ತಿಳಿಸಿ.

ಮುಖ ಸೊಟ್ಟಗಾದರೆ, ಒಂದು ಕೈ ಬಲ ತಪ್ಪಿದರೆ, ಮಾತು ತೊದಲಿದರೆ ಆಗಿನ ಹೊತ್ತು ನೋಡಿಕೊಂಡು ತಕ್ಷಣ 911 ಅಥವಾ 108ಕ್ಕೆ ಫೋನ್ ಮಾಡಿ. ಔಷಧಿ ಹೆಚ್ಚಾಗಿ ನುಂಗಿದ್ದಾರೆ ಅನ್ನಿಸಿದರೆ, ಮಗು ಮಾತ್ರೆ ಬಾಯಿಗೆ ಹಾಕಿಕೊಂಡರೆ, ಅಮೆರಿಕದಲ್ಲಿ ಎಲ್ಲಿಂದಲಾದರೂ ವಿಷ ನಿಯಂತ್ರಣ ಕೇಂದ್ರದ 1-800-222-1222ಕ್ಕೆ ಫೋನ್ ಮಾಡಿ: ಹಗಲು ರಾತ್ರಿ ಇರ್ತಾರೆ, ದುಡ್ಡಿಲ್ಲ. ಊರಲ್ಲಿರೋ ಹಿರಿಯರಿಗೆ ಕರ್ನಾಟಕದ ಆರೋಗ್ಯ ಸಹಾಯವಾಣಿ 104, ದೇಶದ ಹಿರಿಯ ನಾಗರಿಕರ ಸಹಾಯವಾಣಿ 14567. ಸರ್ಕಾರದ ಇ-ಸಂಜೀವಿನಿಯಲ್ಲಿ ಮನೆಯಿಂದಲೇ ಉಚಿತವಾಗಿ ಡಾಕ್ಟರ ಜೊತೆ ಮಾತಾಡಬಹುದು.

9. ನಿಮ್ಮ ರಜೆಯೂ ಈ ಲೆಕ್ಕದಲ್ಲಿದೆ

ಅಪ್ಪನನ್ನ ಡಾಕ್ಟರ ಹತ್ತಿರ ಕರೆದೊಯ್ಯೋಕೆ ರಜೆ ಕೇಳಿದರೆ ಕೆಲಸ ಹೋದೀತು ಅನ್ನೋ ಹೆದರಿಕೆ ಬಹಳ ಜನಕ್ಕೆ ಇದೆ. 2024ರ ಜನವರಿ 1ರಿಂದ ಕ್ಯಾಲಿಫೋರ್ನಿಯಾದಲ್ಲಿ ವರ್ಷಕ್ಕೆ ಕನಿಷ್ಠ 40 ಗಂಟೆ ಅಥವಾ ಐದು ದಿನ ಸಂಬಳ ಸಹಿತ ಸಿಕ್ ಲೀವ್ ಕೊಡಬೇಕು. ಒಂದೇ ಮಾಲೀಕರ ಹತ್ತಿರ ವರ್ಷದಲ್ಲಿ 30 ದಿನ ಕೆಲಸ ಮಾಡಿದ ಪಾರ್ಟ್‌ಟೈಮಿನವರಿಗೂ ಇದು ಸಿಗುತ್ತೆ. ಕೆಲಸಕ್ಕೆ ಸೇರಿದ 90ನೇ ದಿನದಿಂದ ಬಳಸಬಹುದು. ತಂದೆ-ತಾಯಿಯ ಆರೈಕೆಗೂ ಇದನ್ನ ಬಳಸಬಹುದು, ಅದಕ್ಕಾಗಿ ಮಾಲೀಕರು ಶಿಕ್ಷಿಸೋ ಹಾಗಿಲ್ಲ. ಲಾಸ್ ಏಂಜಲಿಸ್ ನಗರದೊಳಗೆ ಕೆಲಸ ಮಾಡೋರಿಗೆ 48 ಗಂಟೆ. ರೆಡೊಂಡೊ ಬೀಚ್ ಬೇರೆ ನಗರ, ಅಲ್ಲಿ ರಾಜ್ಯದ ನಿಯಮ. ಸಂಬಳದ ಚೀಟಿಯಲ್ಲಿ ಎಸ್‌ಡಿಐ ಕಡಿತ ಇದ್ದರೆ, ತಂದೆ-ತಾಯಿಗೆ ಗಂಭೀರ ಕಾಯಿಲೆ ಬಂದಾಗ ಆರೈಕೆಗೆ ಎಂಟು ವಾರದ ತನಕ ರಾಜ್ಯದಿಂದ ಸಂಬಳದ ಒಂದು ಭಾಗ ಸಿಗುತ್ತೆ. ಅರ್ಜಿ ಇಡಿಡಿ ಇಲಾಖೆಗೆ, ಡಾಕ್ಟರ ಪ್ರಮಾಣಪತ್ರ ಬೇಕು.

ಈ ವಾರದ ಮನೆಗೆಲಸ

ಮೊದಲ ದಿನ: ಚಾಪೆ ಮೇಲೆ ಎಲ್ಲಾ ಔಷಧಿ ಹರಡಿಸಿ ಪಟ್ಟಿ ಬರೆಯಿರಿ. ಪ್ರತಿಯೊಂದರ ಆರಂಭದ ಶಿಲ್ಕು ನಮೂದಿಸಿ.
ಎರಡನೇ ದಿನ: ಒಂದೇ ಮೂಲ ಹೆಸರು ಎರಡು ಸಲ ಬಂದಿದೆಯಾ ನೋಡಿ. ಬಂದಿದ್ದರೆ ಅವತ್ತೇ ಡಾಕ್ಟರನ್ನೋ ಫಾರ್ಮಸಿಸ್ಟನ್ನೋ ಕೇಳಿ.
ಮೂರನೇ ದಿನ: ಊರಲ್ಲಿ ಎಣಿಸೋ ಹೊಣೆಗಾರರು ಯಾರು ಅಂತ ಮನೆಯವರೆಲ್ಲ ಮಾತಾಡಿ ಗೊತ್ತುಮಾಡಿ.
ಹದಿನೈದನೇ ದಿನ: ಎಣಿಸಿ, ತಾಳೆ ನೋಡಿ, ವ್ಯತ್ಯಾಸ ಬರೆಯಿರಿ. ಅದೇ ಹಾಳೆಯನ್ನ ಮುಂದಿನ ಸಲ ಡಾಕ್ಟರ ಮುಂದೆ ಇಡಿ.

"ಮಾತ್ರೆ ತಗೊಂಡ್ರಾ?" ಅಂತ ಕೇಳೋದನ್ನ ಬಿಡಬೇಕಾಗಿಲ್ಲ. ಕೇಳಿದರೆ ಅವರಿಗೂ ಸಮಾಧಾನ. ಅದರ ಜೊತೆಗೆ ಇನ್ನೊಂದು ಪ್ರಶ್ನೆ ಸೇರಿಸಿಕೊಳ್ಳಿ: "ಅಮ್ಮಾ, ಸ್ಟ್ರಿಪ್ಪಿನಲ್ಲಿ ಇನ್ನೆಷ್ಟು ಉಳಿದಿದೆ?"